ಪದ ಪರಿಚಯ: ಜನರಲ್ ಎಜುಕೇಷನ್

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಬಿಕಾಂ ಸೇರಿದ್ದಾಳೆ. ಟೈಮ್‌ಟೇಬಲ್‌ನಲ್ಲಿ 'ಓಇ' ಅಂತ ಒಂದು ಪೀರಿಯಡ್ ಇದೆ, ಅದರಲ್ಲಿ ಸೈನ್ಸ್ ಪಾಠ. "ಅಕೌಂಟ್ಸ್ ಓದುವವಳಿಗೆ ಸೈನ್ಸ್ ಪಾಠ ಯಾಕಂತೆ?" ಎಂದು ಅವಳ ಅಮ್ಮ ಕೇಳಿದರು.

ಓಇ ಎಂದರೆ ಓಪನ್ ಇಲೆಕ್ಟಿವ್. ಮುಖ್ಯ ವಿಷಯದ ಹೊರಗಿನಿಂದ ಆರಿಸಿಕೊಳ್ಳುವ ಕೋರ್ಸ್. ಇದರ ಹಿಂದಿರುವ ಯೋಚನೆಯೇ ಜನರಲ್ ಎಜುಕೇಷನ್. ನಮ್ಮ ಕಾಲೇಜುಗಳಿಗೆ ಇದು ಬೇಕೆಂದು 1948ರಲ್ಲಿ ನೇಮಕವಾದ ರಾಧಾಕೃಷ್ಣನ್ ಆಯೋಗವೇ, ಅಂದರೆ ವಿಶ್ವವಿದ್ಯಾಲಯ ಶಿಕ್ಷಣದ ಆಯೋಗವೇ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಮಾತು ಮತ್ತೆ ಎದ್ದಿದೆ.

ಜನರಲ್ ಎಂದಕೂಡಲೇ ಜಿಕೆ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಮುಂದೆ ಯಾವ ಕೆಲಸಕ್ಕೆ ಹೋದರೂ ಬೇಕಾಗುವ ತಿಳಿವಳಿಕೆ ಇದು.

ಇಂಥ ಕೋರ್ಸ್ ಕಟ್ಟುವಾಗ ಜಾಸ್ತಿ ಆಗುವ ತಪ್ಪು ಒಂದೇ. ಬಿಎಸ್ಸಿ ಮೊದಲ ವರ್ಷದ ಸಿಲೆಬಸ್ಸನ್ನೇ ತೆಳು ಮಾಡಿ ಕೊಡುವುದು. ಬಿಎಸ್ಸಿಯವರಿಗೆ ಅದು ತಳಪಾಯ. ಮೇಲೆ ಕಟ್ಟಲು ಇನ್ನೂ ವರ್ಷಗಳಿವೆ. ಈ ಹುಡುಗಿ ಆ ವಿಷಯವನ್ನು ಬಹುಶಃ ಮತ್ತೆಂದೂ ಓದುವುದಿಲ್ಲ. ಕ್ರೆಡಿಟ್ ಎಂದರೆ ಕೋರ್ಸಿನ ತೂಕದ ಅಳತೆ. ಪಾಠದ ಒಂದು ಕ್ರೆಡಿಟ್‌ಗೆ 15 ಗಂಟೆ. 2 ಕ್ರೆಡಿಟ್ ಎಂದರೆ ಬರೀ 30 ಗಂಟೆ. ಅಷ್ಟರಲ್ಲಿ ಅವಳ ಕೈಗೆ ಏನು ಸಿಗಬೇಕು? ಕೋರ್ಸ್ ಅಲ್ಲಿಂದಲೇ ಶುರುವಾಗಬೇಕು.

ನಾನಾದರೆ ಮಳೆಯಿಂದ ಶುರು ಮಾಡುತ್ತೇನೆ. 2005ರ ಜುಲೈ 26. ಆ 24 ಗಂಟೆಯಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಕೊಲಾಬಾದಲ್ಲಿ ಸುಮಾರು 74. ಒಂದೇ ಊರು, ಒಂದೇ ದಿನ! ಈ ಎರಡು ಅಂಕಿ ಬೋರ್ಡಿನ ಮೇಲೆ ಬರೆದರೆ ಸಾಕು, ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಮಳೆಯನ್ನು ಅಳೆಯುವುದು ಹೇಗೆ? 'ಮುಂಬಯಿಯ ಸರಾಸರಿ ಮಳೆ' ಅಂದರೆ ಯಾವ ಮುಂಬಯಿ? ಸಮುದ್ರಕ್ಕೆ ಭರತಿ ಬಂದಾಗ ಚರಂಡಿ ನೀರು ಯಾಕೆ ಇಳಿಯುವುದಿಲ್ಲ? ಮೀಠಿ ನದಿಯ ದಡದಲ್ಲಿ ಮನೆ ಮಾಡಿದವರು ಯಾರು, ಯಾಕೆ? ಮುಳುಗಿದ ಅಂಗಡಿಯ ನಷ್ಟವನ್ನು ಲೆಕ್ಕ ಹಾಕುವುದು ಹೇಗೆ? ಕೊನೆಯದು ಬಿಕಾಂನವರಿಗೆ ನೇರವಾಗಿ ತಾಗುತ್ತದೆ. ಭೂಗೋಳ, ಅಂಕಿಅಂಶ, ಸಮಾಜ ಎಲ್ಲವೂ ಬಂತು, ಆದರೆ ಸುಮ್ನೆ ಪಟ್ಟಿಯಾಗಿ ಬರಲಿಲ್ಲ.

ಪರೀಕ್ಷೆಯೂ ಬದಲಾಗಬೇಕು. ವ್ಯಾಖ್ಯೆ ಬರೆಸುವುದು ಬೇಡ. ಮಳೆ ಅಂಕಿಗಳ ಒಂದು ಕೋಷ್ಟಕ ಕೊಟ್ಟು, 'ನಿಮ್ಮ ಹೌಸಿಂಗ್ ಸೊಸೈಟಿಯವರಿಗೆ ಅರ್ಥವಾಗುವಂತೆ ಒಂದು ಪುಟ ಬರೆಯಿರಿ' ಎನ್ನಬೇಕು.

ಅವಳ ಅಮ್ಮನಿಗೂ ಇದೇ ಲೆಕ್ಕ ಹೇಳಿದೆ. "ಆ ದಿನ ಇವಳಪ್ಪ ಕುರ್ಲಾದಿಂದ ಥಾಣೆ ತನಕ ಹಳಿ ಹಿಡಿದು ನಡೆದಿದ್ದರು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹೌದು, ಕೊಲಾಬಾದಲ್ಲಿ ಯಾಕೆ ಅಷ್ಟು ಕಮ್ಮಿ?"