ಎರಡೆಕರೆಯಲ್ಲಿ ಅಲ್ಪಾಕಾ: ವರ್ಷಕ್ಕೊಂದು ಮರಿಯ ಲೆಕ್ಕ

ಕನಕಪುರ ರಸ್ತೆಯಲ್ಲೋ ದೊಡ್ಡಬಳ್ಳಾಪುರದ ಕಡೆಯೋ ಎರಡೆಕರೆ ಜಮೀನು ಕೊಂಡು, ಮಾವು ನೆಟ್ಟು, ನಾಟಿ ಕೋಳಿ ಬಿಟ್ಟ ಮೇಲೆ ಕೆಲವರಿಗೆ ಅಲ್ಪಾಕಾದ ಆಸೆ ಹತ್ತುತ್ತದೆ. ಒಂಟೆಯ ಕುಲದ, ಉಣ್ಣೆಗಾಗಿ ಸಾಕುವ ಈ ಪ್ರಾಣಿಯನ್ನು ಮೊಬೈಲಿನಲ್ಲಿ ನೋಡಿರುತ್ತಾರೆ: ಉದ್ದ ಕತ್ತು, ಹಣೆಯ ಮೇಲೆ ಜುಟ್ಟು, ಸದಾ ನಗುತ್ತಿರುವಂಥ ಮುಖ. ಫೋನ್ ಮಾಡಿದವರು ಮೊದಲು ಕೇಳುವುದು, ಅದು ನಮ್ಮ ಬಿಸಿಲು ತಡೆಯುತ್ತದೆಯೇ ಎಂದು. ಪಶುವೈದ್ಯನಾಗಿ ಕೆಲವು ವರ್ಷ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿದ್ದಾಗ ಇಪ್ಪತ್ತು, ಮೂವತ್ತು ಅಲ್ಪಾಕಾ ಸಾಕಿಕೊಂಡಿದ್ದ ಕುಟುಂಬಗಳ ದೊಡ್ಡಿಗಳು ನನ್ನ ಪಾಲಿಗೆ ಬಂದಿದ್ದವು. ಈಗ ಹೆಬ್ಬಾಳದ ಆಚೆ ಹಸು, ಕುರಿ, ಮೇಕೆಗಳ ನಡುವೆ ಇದ್ದೇನೆ. ನನ್ನನ್ನು ಕೇಳಿದರೆ ಬಿಸಿಲಿನ ಪ್ರಶ್ನೆ ಐದನೆಯದೋ ಆರನೆಯದೋ ಆಗಬೇಕು. ಮೊದಲು ಕೇಳಬೇಕಾದದ್ದು ಮರಿಯ ವಿಷಯ: ಯಾವ ತಿಂಗಳು ಹುಟ್ಟುತ್ತದೆ, ಯಾವ ಗಂಡಿನಿಂದ, ವರ್ಷಕ್ಕೆ ಎಷ್ಟು.

ಆದರೂ ಬಿಸಿಲಿನದನ್ನು ಮುಗಿಸಿಬಿಡೋಣ. ಅಲ್ಪಾಕಾದ ತವರು ಪೆರು, ಬೊಲಿವಿಯಾಗಳ ಆಂಡೀಸ್ ಪ್ರಸ್ಥಭೂಮಿ. ಸಮುದ್ರಮಟ್ಟದಿಂದ 3,500 ಮೀಟರಿಗೂ ಮೇಲಿನ ಬಯಲು. ಬೆಂಗಳೂರು 900 ಮೀಟರ್ ಚಿಲ್ಲರೆ. ಸಾಕಣೆದಾರರು ಒಂದು ಒರಟು ಲೆಕ್ಕ ಹಾಕುತ್ತಾರೆ: ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ಗಾಳಿಯ ತೇವಾಂಶದ ಶೇಕಡಾವಾರು ಅಂಕಿಯನ್ನು ಕೂಡಿಸುವುದು. 120ರೊಳಗಿದ್ದರೆ ನಿಶ್ಚಿಂತೆ, 180 ದಾಟಿದರೆ ಅಪಾಯ. ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿ ಸೆಲ್ಸಿಯಸ್ ಎಂದರೆ ಫ್ಯಾರನ್‌ಹೀಟ್‌ನಲ್ಲಿ 93. ತೇವಾಂಶ 30 ಎಂದಿಟ್ಟುಕೊಂಡರೆ ಮೊತ್ತ 123. ಜುಲೈನಲ್ಲಿ 28 ಡಿಗ್ರಿ, ಅಂದರೆ 82. ತೇವಾಂಶ 80 ಇದ್ದ ದಿನ ಮೊತ್ತ 162. ಜನ ಹೆದರುವುದು ಏಪ್ರಿಲ್‌ಗೆ, ಅಂಕಿ ಏರುವುದು ಆಷಾಢದಲ್ಲಿ. ಈ ಲೆಕ್ಕ ತಂಪು ಹವೆಯಲ್ಲಿ ತೇವಕ್ಕೆ ಅತಿಯಾದ ತೂಕ ಕೊಡುತ್ತದೆ ಎಂಬುದು ನಿಜ. ಜುಲೈ ರಾತ್ರಿ ಅಲ್ಪಾಕಾ ಸೆಕೆಯಿಂದ ಬಿದ್ದುಹೋಗುವುದಿಲ್ಲ. ಆದರೆ ತೇವದ ಜೊತೆಗೆ ಬರುವ ಜಂತುಹುಳ, ಒದ್ದೆ ನೆಲ, ಆರದ ತುಪ್ಪಟ ಇವೆಲ್ಲ ಆ ತಿಂಗಳುಗಳವೇ. ಫೆಬ್ರುವರಿ ಕೊನೆಗೆ ತುಪ್ಪಟ ಕತ್ತರಿಸಿ, ಎಲ್ಲ ಕಡೆ ಗಾಳಿಯಾಡುವ ನೆರಳು ಕೊಟ್ಟರೆ ಬೇಸಿಗೆ ಕಳೆಯುತ್ತದೆ. ನೀರು ಹೊಡೆಯುವುದಾದರೆ ಹೊಟ್ಟೆಯಡಿಗೆ, ಕಾಲಿಗೆ ಹೊಡೆಯಿರಿ. ಶಾಖ ಹೊರಹೋಗುವುದು ಕೂದಲು ತೆಳುವಾಗಿರುವ ಆ ಜಾಗದಿಂದ. ಬೆನ್ನಿನ ಉಣ್ಣೆ ನೆನೆಸಿದರೆ ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ.

ಇನ್ನು ಸಂತಾನದ ಮಾತು. ನಮ್ಮ ರೈತ ಹಸುವಿನ ಕೂಗು ಕೇಳಿ, ಲೋಳೆ ನೋಡಿ ಬೆದೆ ಗುರುತಿಸುತ್ತಾನೆ. ಅಲ್ಪಾಕಾದಲ್ಲಿ ಅಂಥ ಬೆದೆಯೇ ಇಲ್ಲ. ಹೆಣ್ಣು ಅಂಡ ಬಿಡುವುದು ಗಂಡು ಕೂಡಿದ ಮೇಲೆ, ಸುಮಾರು ಒಂದು ದಿನ ಕಳೆದು. ಅದಕ್ಕೆ ಕಾರಣ ವೀರ್ಯದಲ್ಲಿರುವ ಒಂದು ಪ್ರೋಟೀನ್. ನರಕೋಶಗಳ ಬೆಳವಣಿಗೆಗೆ ನೆರವಾಗುತ್ತದೆಂದು ಮೊದಲೇ ಹೆಸರಾಗಿದ್ದ ಪ್ರೋಟೀನೇ ಇಲ್ಲಿ ಮಿದುಳಿಗೆ ಸೂಚನೆ ಮುಟ್ಟಿಸಿ ಅಂಡ ಬಿಡಿಸುತ್ತದೆ ಎಂಬುದು 2012ರಲ್ಲಿ ಗಟ್ಟಿಯಾಯಿತು. ಕೂಡುವಾಗ ಹೆಣ್ಣು ನಾಲ್ಕೂ ಕಾಲು ಮಡಚಿ ಎದೆಯೂರಿ ಕೂರುತ್ತದೆ. ಗಂಡು ಗಂಟಲಿನಲ್ಲಿ ಒಂದೇ ಸಮ ಗುರುಗುಟ್ಟುತ್ತಾ ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಪಕ್ಕದ ಹೆಣ್ಣುಗಳೂ ಸಾಲಾಗಿ ಬಂದು ಕೂತುಬಿಡುವುದುಂಟು.

ಗಬ್ಬ ನಿಂತಿತೋ ಇಲ್ಲವೋ ಎಂದು ತಿಳಿಯಲು ಮೊದಲ ಉಪಕರಣ ಆ ಗಂಡೇ. ಎರಡು ವಾರ ಬಿಟ್ಟು ಅದನ್ನು ಹಗ್ಗದಲ್ಲಿ ಹಿಡಿದು ಹೆಣ್ಣಿನ ಮುಂದೆ ತನ್ನಿ. ಗಬ್ಬವಿಲ್ಲದ ಹೆಣ್ಣು ಸ್ವಲ್ಪ ಹೊತ್ತಿನಲ್ಲಿ ಕೂರುತ್ತದೆ. ಗಬ್ಬವಾದದ್ದು ಕಿವಿ ಹಿಂದಕ್ಕೆ ಒತ್ತಿ, ಮೂತಿ ಮೇಲೆತ್ತಿ, ಹೊಟ್ಟೆಯೊಳಗಿನ ಹಸಿರು ರಸವನ್ನೇ ಗಂಡಿನ ಮುಖಕ್ಕೆ ಉಗುಳುತ್ತದೆ, ಒದೆಯುತ್ತದೆ, ಓಡುತ್ತದೆ. ನಡುವೆ ನಿಂತವರ ಅಂಗಿಗೂ ಪಾಲು ಸಿಗುತ್ತದೆ. ವಾಸನೆ ಸೋಪಿಗೆ ಸುಲಭವಾಗಿ ಬಗ್ಗುವುದಿಲ್ಲ. ಇಷ್ಟನ್ನೇ ನಂಬಿ ಕೂರಬೇಡಿ. ಮೊದಲ ಎರಡು ತಿಂಗಳಲ್ಲಿ ಭ್ರೂಣ ಕಳೆದುಹೋಗುವುದು ಈ ಪ್ರಾಣಿಯಲ್ಲಿ ಹೆಚ್ಚು. ತಿಂಗಳು ತುಂಬಿದಾಗ ಒಮ್ಮೆ, ಎರಡು ತಿಂಗಳು ತುಂಬಿದಾಗ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಕುರಿ ಸಾಕಿದವರು ಇಲ್ಲಿ ಎಡವುವುದು ಒಂದು ಅಭ್ಯಾಸದಿಂದ. ಮಂದೆಯಲ್ಲಿ ಟಗರು ಬಿಟ್ಟಂತೆ ಅಲ್ಪಾಕಾದ ಗಂಡನ್ನು ಹೆಣ್ಣುಗಳ ಜೊತೆ ವರ್ಷವಿಡೀ ಬಿಡುತ್ತಾರೆ. ಈ ಪ್ರಾಣಿಗಳು ಕೂಡುವಾಗ ವೀರ್ಯ ನೇರವಾಗಿ ಗರ್ಭಕೋಶದೊಳಕ್ಕೆ ಬೀಳುತ್ತದೆ, ಒಳಪೊರೆಗೆ ಪ್ರತಿ ಸಲವೂ ಚೂರು ಗಾಯವಾಗುತ್ತದೆ. ಮೇಲಿಂದ ಮೇಲೆ ಕೂಡಿದರೆ ಸೋಂಕು, ಸೋಂಕಿನಿಂದ ಬಂಜೆತನ. ಆದ್ದರಿಂದ ಗಂಡಿಗೆ ಬೇರೆಯೇ ದೊಡ್ಡಿ, ಕೂಡಿಸಿದ ದಿನಕ್ಕೆ ಪುಸ್ತಕದಲ್ಲಿ ಒಂದು ಸಾಲು.

ಆ ಸಾಲು ಏಕೆ ಬೇಕೆಂದರೆ, ಗಬ್ಬದ ಅವಧಿ ಹನ್ನೊಂದೂವರೆ ತಿಂಗಳು. 345 ದಿನದ ಆಸುಪಾಸು. ಹೆತ್ತ ಮೇಲೆ ಮೂರು ವಾರವಾದರೂ ಬಿಟ್ಟು ಮತ್ತೆ ಕೂಡಿಸಬೇಕು. ಲೆಕ್ಕ ಹಾಕಿ ನೋಡಿ: 345ಕ್ಕೆ 21 ಸೇರಿದರೆ 366. ವರ್ಷ ಅಲ್ಲಿಗೇ ಮುಗಿಯಿತು, ಒಂದು ದಿನದ ಬಿಡುವೂ ಇಲ್ಲ. ಒಂದು ಸಲ ಗಬ್ಬ ನಿಲ್ಲದಿದ್ದರೆ ಮುಂದಿನ ಹೆರಿಗೆ ಮೂರು ವಾರ ಜಾರುತ್ತದೆ, ಇನ್ನೊಮ್ಮೆ ತಪ್ಪಿದರೆ ಇನ್ನಷ್ಟು. ಡಿಸೆಂಬರ್‌ನಲ್ಲಿ ಹುಟ್ಟಬೇಕಾದ ಮರಿ ಕೆಲವೇ ವರ್ಷಗಳಲ್ಲಿ ಜೂನ್‌ನ ಕೆಸರಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಸುತ್ತ ಹೆರಿಗೆಗೆ ಒಳ್ಳೆಯ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರುವರಿ: ನೆಲ ಒಣಗಿರುತ್ತದೆ, ನೊಣ ಕಡಿಮೆ, ಬಿಸಿಲು ಹಿತ. ಅದಕ್ಕೆ ಕೂಡಿಸಬೇಕಾದದ್ದು ಸಂಕ್ರಾಂತಿಯ ಹಿಂದೆ ಮುಂದೆ. ಮಾರ್ಚ್ ದಾಟಿದರೂ ಗಬ್ಬ ನಿಲ್ಲದ ಹೆಣ್ಣನ್ನು ಆ ವರ್ಷ ಖಾಲಿ ಬಿಡಿ ಎಂದೇ ನನ್ನ ಸಲಹೆ. ಒಪ್ಪುವವರು ಕಡಿಮೆ, ಖಾಲಿ ಹೆಣ್ಣನ್ನು ಕಂಡರೆ ಮಾಲೀಕನಿಗೆ ನಷ್ಟವೇ ಕಣ್ಣಿಗೆ ಕಟ್ಟುತ್ತದೆ. ಬೇಸಿಗೆಯ ಸೆಕೆಯಲ್ಲಿ ಗಂಡಿನ ವೀರ್ಯವೂ ಸೊರಗುತ್ತದೆ ಎಂದರೆ ಅರ್ಧ ಮನಸ್ಸಿನಿಂದ ಒಪ್ಪುತ್ತಾರೆ.

ಹೆರಿಗೆ ಸಾಮಾನ್ಯವಾಗಿ ಹಗಲಿನಲ್ಲಿ, ಬೆಳಗಿನಿಂದ ನಡುಮಧ್ಯಾಹ್ನದೊಳಗೆ. ಆಂಡೀಸ್‌ನ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಅಷ್ಟರೊಳಗೆ ಮರಿ ಒಣಗಬೇಕು. ತಾಯಿ ಮರಿಯನ್ನು ನೆಕ್ಕುವುದಿಲ್ಲ. ಅದರ ನಾಲಿಗೆ ಅಷ್ಟು ಹೊರಗೆ ಬರುವುದೇ ಇಲ್ಲ. ಹುಟ್ಟಿದ ಮರಿಯ ಮೈ ಸುತ್ತ ಈರುಳ್ಳಿ ಸಿಪ್ಪೆಯಂಥ ತೆಳು ಪೊರೆ ಇರುತ್ತದೆ; ಬಿಸಿಲಿಗೆ ಒಣಗಿ ತಾನೇ ಉದುರುತ್ತದೆ. ತಾಯಿ ಮೂಸಿ ಸಣ್ಣಗೆ ಗುನುಗುತ್ತಾ ನಿಂತಿರುತ್ತದೆ, ಅಷ್ಟೇ. ಹೊಸಬರು ಇದನ್ನು ಕಂಡು ತಾಯಿ ಮರಿಯನ್ನು ಬಿಟ್ಟಿತೆಂದು ಗಾಬರಿಯಾಗಿ ಎತ್ತಿಕೊಂಡು ಒರೆಸತೊಡಗುತ್ತಾರೆ. ಎತ್ತಬೇಡಿ. ಒಂದೆರಡು ಗಂಟೆಯಲ್ಲಿ ಅದು ತಾನಾಗಿ ಏಳಬೇಕು, ನಾಲ್ಕಾರು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ಗರ್ಭದಲ್ಲಿದ್ದಾಗ ತಾಯಿಯ ರೋಗನಿರೋಧಕ ಅಂಶ ಮರಿಗೆ ದಾಟುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದು ನಿಲ್ಲಿಸುತ್ತದೆ. ಮರಿಯ ತೂಕ ಆರರಿಂದ ಎಂಟು ಕಿಲೋ. ಮೊದಲ ಎರಡು ವಾರ ದಿನವೂ ಒಂದೇ ಹೊತ್ತಿಗೆ ತೂಗಿ. ಮರಿ ಕುಡಿಯುತ್ತಿರುವಂತೆ ಕಂಡರೂ ಹಾಲು ಸಿಗದಿರಬಹುದು. ತಕ್ಕಡಿ ಸುಳ್ಳು ಹೇಳುವುದಿಲ್ಲ.

ಬಾಟಲಿ ಹಾಲಿನ ಬಗ್ಗೆ ಒಂದು ಎಚ್ಚರಿಕೆ. ಗಂಡು ಮರಿಯೊಂದನ್ನು ಮನೆಯೊಳಗಿಟ್ಟು, ಮಕ್ಕಳ ಕೈಯಲ್ಲಿ ಬಾಟಲಿ ಕೊಡಿಸಿ, ಫೋಟೊ ತೆಗೆದು ಬೆಳೆಸಿದರೆ ಅದು ಮನುಷ್ಯರನ್ನೇ ತನ್ನ ಜಾತಿ ಎಂದುಕೊಳ್ಳುತ್ತದೆ. ಪ್ರಾಯಕ್ಕೆ ಬಂದಾಗ ಎದುರಾಳಿ ಗಂಡಿನ ಮೇಲೆ ಎರಗುವಂತೆ ಮನೆಯವರ ಮೇಲೆ ಎರಗುತ್ತದೆ. ಆಗ ಅರವತ್ತು, ಎಪ್ಪತ್ತು ಕಿಲೋ ತೂಗುತ್ತಿರುತ್ತದೆ, ಬಾಯಲ್ಲಿ ಕಾದಾಡುವ ಕೋರೆಹಲ್ಲು ಬೇರೆ. ಬೀಜ ಒಡೆದರೂ ಆ ಬುದ್ಧಿ ಎಷ್ಟೋ ಸಲ ಹೋಗುವುದಿಲ್ಲ. ಬಾಟಲಿ ಅನಿವಾರ್ಯವಾದರೆ ಮಂದೆಯ ನಡುವೆಯೇ ಕುಡಿಸಿ, ಮುದ್ದು ಮಾಡದೆ ಹೊರಟುಬಿಡಿ. ಹಾಗೆಯೇ ಒಂಟಿ ಅಲ್ಪಾಕಾ ಎಂಬುದು ಇರಕೂಡದು. ಮೂರಕ್ಕಿಂತ ಕಡಿಮೆ ಇದ್ದರೆ ಕೊರಗಿ ಸೊರಗುತ್ತವೆ.

ಗಂಡಿನ ಪ್ರಶ್ನೆಗೆ ಬಂದರೆ ಬೆಂಗಳೂರಿನವರಿಗೆ ನಿಜವಾದ ಇಕ್ಕಟ್ಟು ಗೊತ್ತಾಗುತ್ತದೆ. ಹಸುವಿನ ವಿಷಯದಲ್ಲಿ ನಾವು ಅದೃಷ್ಟವಂತರು. ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರೀಯ ಸಂಸ್ಥೆಯೇ ಇದೆ; ಹಳ್ಳಿಯ ಹಸುವಿಗೂ ಒಳ್ಳೆಯ ಹೋರಿಯ ವೀರ್ಯದ ಕಡ್ಡಿ ಸಿಗುತ್ತದೆ. ಅಲ್ಪಾಕಾದ ವೀರ್ಯ ಅಂಟಂಟು. ತೆಳುವಾಗಿಸಿ, ಹೆಪ್ಪುಗಟ್ಟಿಸಿ ಬಳಸುವ ಕೆಲಸ ಪ್ರಪಂಚದಲ್ಲಿ ಎಲ್ಲೂ ದಿನಬಳಕೆಯ ಮಟ್ಟಕ್ಕೆ ಬಂದಿಲ್ಲ. ಜೀವಂತ ಗಂಡೇ ಬೇಕು. ಒಂದು ಗಂಡು, ನಾಲ್ಕು ಹೆಣ್ಣು ತಂದು ಶುರುಮಾಡಿದವನ ಮೊದಲ ಹೆಣ್ಣು ಮರಿಗಳು ಒಂದೂವರೆ ವರ್ಷದಲ್ಲಿ ಕೂಡಿಸಲು ತಯಾರು, ದೊಡ್ಡಿಯಲ್ಲಿರುವ ಗಂಡು ಅವುಗಳ ಅಪ್ಪ. ವಿಕ್ಟೋರಿಯಾದಲ್ಲಾದರೆ ಪಕ್ಕದ ಊರಿನಿಂದ ಗಂಡನ್ನು ಟ್ರೈಲರ್‌ನಲ್ಲಿ ತಂದು ಮಧ್ಯಾಹ್ನದೊಳಗೆ ವಾಪಸು ಕಳಿಸುತ್ತಿದ್ದರು. ಇಲ್ಲಿ ಆ ಪಕ್ಕದ ಊರು ಎಲ್ಲಿದೆ? ರಕ್ತಸಂಬಂಧದಲ್ಲಿ ಕೂಡಿಸಿದಂತೆಲ್ಲ ಹುಟ್ಟುದೋಷಗಳು ಮೇಲೇಳುತ್ತವೆ. ಅವುಗಳಲ್ಲಿ ಕೆಟ್ಟದ್ದು ಮೂಗಿನ ಹಿಂದಿನ ದಾರಿ ಮುಚ್ಚಿಕೊಂಡು ಹುಟ್ಟುವುದು. ಅಲ್ಪಾಕಾ ಮರಿ ಮೂಗಿನಿಂದಲೇ ಉಸಿರಾಡುವ ಜೀವ. ಈ ದೋಷವಿರುವ ಮರಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೊಲೆಗೆ ಬಾಯಿ ಹಾಕಿದ ಕೂಡಲೇ ಉಸಿರುಗಟ್ಟುತ್ತದೆ. ಹೊಳ್ಳೆಯ ಮುಂದೆ ಪುಟ್ಟ ಕನ್ನಡಿ ಹಿಡಿದರೆ ಮಂಜು ಮೂಡುವುದಿಲ್ಲ. ಅಂಥ ಮರಿಯನ್ನು ಉಳಿಸಲು ಹೋಗಬಾರದು, ಅದರ ತಂದೆ ತಾಯಿಯನ್ನು ಮತ್ತೆ ಕೂಡಿಸಬಾರದು. ಬಿಳಿ ತುಪ್ಪಟ, ನೀಲಿ ಕಣ್ಣಿನ ಮರಿಗಳಿಗೆ ಬೆಲೆ ಹೆಚ್ಚು ಹೇಳುವವರಿದ್ದಾರೆ; ಅವುಗಳಲ್ಲಿ ಬಹುಪಾಲು ಕಿವುಡು.

ಮೇವಿನದು ಸಣ್ಣ ಮಾತು. ಅರವತ್ತು ಕಿಲೋದ ಪ್ರಾಣಿಗೆ ದಿನಕ್ಕೆ ಕಿಲೋ ಚಿಲ್ಲರೆ ಒಣಮೇವು ಸಾಕು. ರಾಗಿ ಹುಲ್ಲು ತಿನ್ನುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ. ಜೊತೆಗೆ ಶೇಂಗಾ ಬಳ್ಳಿ, ಗಬ್ಬದ ಕೊನೆಯ ತಿಂಗಳುಗಳಲ್ಲಿ ಒಂದಿಷ್ಟು ಕುದುರೆಮೆಂತೆ. ಹಸುವಿನ, ಕೋಳಿಯ ಸಿದ್ಧ ಆಹಾರ ಮಾತ್ರ ಕೊಡಬೇಡಿ. ಅದರಲ್ಲಿ ಬೆರೆತಿರಬಹುದಾದ ಮೊನೆನ್ಸಿನ್‌ನಂಥ ಔಷಧ ಈ ಜಾತಿಗೆ ವಿಷ, ತಾಮ್ರ ಹೆಚ್ಚಾದರೂ ಕಷ್ಟ. ಬೇಲಿಗೆ ನೆಟ್ಟ ಕಣಗಿಲೆಯನ್ನು ಪ್ರಾಣಿ ಬರುವ ಮೊದಲೇ ಬುಡಸಮೇತ ಕಿತ್ತುಹಾಕಿ. ಕೆಲವೇ ಎಲೆ ಸಾಕು ಹೃದಯ ನಿಲ್ಲಲು. ಬೇಲಿ ಗಟ್ಟಿಯಾಗಿರಲಿ. ಕುರಿಮರಿಗಳನ್ನು ನರಿಯಿಂದ ಕಾಯಲು ಅಲ್ಪಾಕಾ ಬಿಡುವ ಪದ್ಧತಿ ಆಸ್ಟ್ರೇಲಿಯಾದಲ್ಲಿದೆ. ಆ ಮಾತು ಕೇಳಿ ಇಲ್ಲಿನ ಬೀದಿನಾಯಿ ಗುಂಪಿನ ಎದುರು, ಬನ್ನೇರುಘಟ್ಟದ ಕಡೆಯ ಚಿರತೆಯ ಎದುರು ಬಿಟ್ಟರೆ ಬೆಳಿಗ್ಗೆ ಉಣ್ಣೆಯಷ್ಟೇ ಸಿಕ್ಕೀತು.

ಅಲ್ಪಾಕಾ ಬಡವಾದದ್ದು ಕಣ್ಣಿಗೆ ಕಾಣುವುದಿಲ್ಲ, ತುಪ್ಪಟ ಎಲ್ಲವನ್ನೂ ಮುಚ್ಚುತ್ತದೆ. ಬೆನ್ನುಮೂಳೆಯ ಮೇಲೆ ಅಂಗೈ ಇಟ್ಟು, ಬೆರಳುಗಳನ್ನು ಇಬ್ಬದಿಗೆ ಇಳಿಬಿಟ್ಟು ಒತ್ತಿ ನೋಡಬೇಕು. ಮಾಂಸ ಕರಗಿ ಇಳಿಜಾರು ಕಡಿದಾಗಿದ್ದರೆ ಎಚ್ಚರ. ಕೂಡಲೇ ಕಣ್ಣಿನ ಕೆಳರೆಪ್ಪೆ ಬಿಡಿಸಿ ಒಳಬಣ್ಣ ನೋಡಿ. ಕೆಂಪಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಹೊಟ್ಟೆಹುಳ. ಮಳೆಗಾಲದಲ್ಲಿ ನಮ್ಮ ಕುರಿಗಳನ್ನು ಕಾಡುವ ಹುಳವೇ ಇದು. ಅಲ್ಪಾಕಾದ ದೇಹ ಹಲವು ಜಂತುನಾಶಕಗಳನ್ನು ಬೇಗ ಕರಗಿಸಿಬಿಡುವುದರಿಂದ ಕುರಿಯ ಪ್ರಮಾಣ ಇದಕ್ಕೆ ಸಾಲದು. ಅಂದಾಜಿನಲ್ಲಿ ಕುಡಿಸದೆ ವೈದ್ಯರನ್ನು ಕೇಳಿ. ಒಂದು ಅನುಕೂಲವೆಂದರೆ ಇಡೀ ಮಂದೆ ಒಂದೆರಡು ಗೊತ್ತಾದ ಜಾಗದಲ್ಲೇ ಹಿಕ್ಕೆ ಹಾಕುತ್ತದೆ. ದಿನವೂ ಅದನ್ನು ತೆಗೆದರೆ ಹುಳದ ಕಾಟ ಅರ್ಧ ಇಳಿದಂತೆ.

ಇಷ್ಟೆಲ್ಲ ಮಾಡಿ ಮಾರುವುದೇನು? ವರ್ಷಕ್ಕೆ ಎರಡು, ಮೂರು ಕಿಲೋ ತುಪ್ಪಟ, ಅದರಲ್ಲೂ ಒಳ್ಳೆಯದು ಬೆನ್ನು, ಪಕ್ಕೆಗಳ ಮೇಲಿನ ಭಾಗವಷ್ಟೇ. ಉತ್ತರ ಕರ್ನಾಟಕದಲ್ಲಿ ಡೆಕ್ಕನಿ ಕುರಿಯ ಉಣ್ಣೆಗೆ ಕೊಳ್ಳುವವರಿಲ್ಲದೆ ಕುರಿಗಾರರು ಕತ್ತರಿಸಿ ಬಿಸಾಡುವುದನ್ನು ನೋಡಿದವರಿಗೆ ಉಣ್ಣೆಯ ಸಂತೆ ಎಂಥದೆಂದು ಹೇಳಬೇಕಾಗಿಲ್ಲ. ಅಲ್ಪಾಕಾದ ಎಳೆ ನವಿರು, ನಿಜ. ಆದರೆ ಅದನ್ನು ಬಿಡಿಸಿ, ನೂತು, ಕೊಳ್ಳುವ ಸರಪಳಿ ಇಲ್ಲಿ ಇಲ್ಲ. ಹಾಗಾಗಿ ಆಸೆ ತೋರಿಸುವವರ ಮಾತು ಬೇಗ ಮರಿ ಮಾರಾಟಕ್ಕೆ ತಿರುಗುತ್ತದೆ. ಅಮೆರಿಕಕ್ಕೆ ಅಲ್ಪಾಕಾ 1984ರಿಂದ ಮಂದೆಯಾಗಿ ಬಂತು, ತಳಿ ಹೆಣ್ಣುಗಳ ಬೆಲೆ ಸಾವಿರಾರು ಡಾಲರಿಗೆ ಏರಿತು. ಆ ಬೆಲೆಯನ್ನು ಉಣ್ಣೆಯ ಆದಾಯ ಹೊರಲಾರದು, ಇದು ಹೊಸ ಸಾಕಣೆದಾರರ ಹಣದಿಂದ ಉಬ್ಬಿದ ಗುಳ್ಳೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಇಬ್ಬರು ಕೃಷಿ ಅರ್ಥಶಾಸ್ತ್ರಜ್ಞರು 2007ರಲ್ಲಿ ಬರೆದರು. ಮುಂದೆ ಬೆಲೆ ಕುಸಿಯಿತು. ನಮಗೆ ಇದಕ್ಕಾಗಿ ಅಮೆರಿಕದವರೆಗೆ ಹೋಗಬೇಕಿಲ್ಲ, 2012ರಲ್ಲಿ ತಮಿಳುನಾಡಿನ ಪೆರುಂದುರೈ ಸುತ್ತ ಎಮು ಹಕ್ಕಿಯ ಸಾಕಣೆ ಮುಳುಗಿದ್ದು ನೆನಪಿದ್ದರೆ ಸಾಕು.

ತರಲೇಬೇಕೆಂದರೆ ದಾರಿ ಒಂದೇ. ಜೀವಂತ ಪ್ರಾಣಿಗಳ ಆಮದು 1898ರ ಜಾನುವಾರು ಆಮದು ಕಾಯ್ದೆಯಡಿ ಬರುತ್ತದೆ. ಕೇಂದ್ರ ಪಶುಸಂಗೋಪನಾ ಇಲಾಖೆಯ ಆರೋಗ್ಯ ಪರವಾನಗಿ, ಕಳಿಸುವ ದೇಶದ ಪಶುವೈದ್ಯಕೀಯ ಪ್ರಮಾಣಪತ್ರ, ಇಳಿದ ಮೇಲೆ ಕ್ವಾರಂಟೈನ್ ಬೇಕು. ಈ ಕಾಗದಗಳ ನಕಲು ತೋರಿಸದೆ ಜೋಡಿಯ ಬೆಲೆ ಹೇಳುವ ಮಧ್ಯವರ್ತಿಗೆ ಮುಂಗಡ ಕೊಡಬೇಡಿ.

ನನ್ನ ಬಳಿ ಬರುವವರಿಗೆ ನಾನು ಹೇಳುವುದು, ಮೊದಲು ಹತ್ತು ಬನ್ನೂರು ಕುರಿ ತನ್ನಿ. ಅವೂ ಮಳೆಗಾಲದ ಹುಳಕ್ಕೆ ತುತ್ತಾಗುತ್ತವೆ, ಅವುಗಳ ಮರಿಗೂ ಗಿಣ್ಣು ಬೇಕು, ಅಲ್ಲೂ ಟಗರು ಬದಲಿಸದಿದ್ದರೆ ಮಂದೆ ಕೆಡುತ್ತದೆ. ವ್ಯತ್ಯಾಸವೆಂದರೆ ಕುರಿ ಐದು ತಿಂಗಳಿಗೆ ಮರಿ ಹಾಕುತ್ತದೆ, ನಿಮ್ಮ ಲೆಕ್ಕ ಎಲ್ಲಿ ತಪ್ಪಿತೆಂದು ಅದೇ ವರ್ಷ ಗೊತ್ತಾಗುತ್ತದೆ. ಕುರಿಯ ವೈದ್ಯರು ಸುತ್ತ ಹತ್ತಾರು ಮಂದಿ ಇದ್ದಾರೆ, ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಟಗರು ಬಿಟ್ಟ ದಿನ, ಮರಿಯ ತೂಕ, ಕಣ್ಣಿನ ಬಣ್ಣ ಬರೆದಿಟ್ಟ ಪುಸ್ತಕವನ್ನು ತನ್ನಿ. ಅಲ್ಪಾಕಾದ ಮಾತು ಆಗ ಆಡೋಣ. ಈವರೆಗೆ ಪುಸ್ತಕ ತಂದವರು ಇದ್ದಾರೆ. ಅವರು ಕುರಿಯ ಬಗ್ಗೆಯೇ ಕೇಳಿ ಹೋದರು.