ಬೇಸಿಗೆ ಬಂದರೂ ಉದುರದ ಕೂದಲು

ಸೊಲ್ಲಾಪುರದ ಬಿಸಿಲು ಹೇಗಿರುತ್ತದೆ ಅಂತ ಯಾರಿಗೂ ಹೇಳಬೇಕಿಲ್ಲ. ಬೇಸಿಗೆ ಏರುವಷ್ಟರಲ್ಲಿ ನಮ್ಮ ಕಡೆಯ ಕುದುರೆಗಳು ಚಳಿಗಾಲದ ಕೂದಲು ಉದುರಿಸಿ ಮೈ ನುಣುಪಾಗಿಸಿಕೊಂಡಿರುತ್ತವೆ. ಮೇ ತಿಂಗಳಲ್ಲೂ ಒಂದು ಕುದುರೆ ಗದ್ದ, ಹೊಟ್ಟೆ, ಕಾಲಿನ ತುಂಬ ಉದ್ದ ಕೂದಲು ಹೊತ್ತು ನಿಂತಿದ್ದರೆ ನಾನು ಮೊದಲು ಅದರ ವಯಸ್ಸು ಕೇಳುತ್ತೇನೆ. ಅಕ್ಕಲಕೋಟೆ, ಜತ್ತ ಕಡೆ ಬರುವ ಉತ್ತರ ಹೆಚ್ಚಾಗಿ ಇದೇ: "ಮುದುಕಿ ಆಗ್ಯಾಳ್ರಿ ಸಾಹೇಬ್ರ, ಮತ್ತೇನಿಲ್ಲ."

ಮತ್ತೇನೋ ಇರುತ್ತದೆ. ಬರೀ ವಯಸ್ಸಾಯ್ತು ಅಂತ ಕುದುರೆಗೆ ಕರಡಿಯಂತೆ ಕೂದಲು ಬರುವುದಿಲ್ಲ. 15 ವರ್ಷ ದಾಟಿದ ಕುದುರೆಯ ಕೂದಲು ಹೀಗೆ ಉದ್ದಕ್ಕೆ, ಸುರುಳಿ ಸುರುಳಿಯಾಗಿ ಉಳಿದುಬಿಟ್ಟರೆ ಬಹುಪಾಲು ಅದು ಕುಶಿಂಗ್ ಕಾಯಿಲೆ. ನಾವು ಡಾಕ್ಟರುಗಳು ಈಗ ಪಿಪಿಐಡಿ ಅನ್ನುತ್ತೇವೆ.

ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿ ಇದೆ. ಅದರ ಮಧ್ಯಭಾಗವನ್ನು ಹತೋಟಿಯಲ್ಲಿಡುವುದು ಮೆದುಳಿನಿಂದ ಇಳಿದು ಬರುವ ಡೋಪಮೈನ್ ಎಂಬ ರಾಸಾಯನಿಕ. ಕೆಲವು ಕುದುರೆಗಳಲ್ಲಿ ವಯಸ್ಸಾದಂತೆ ಡೋಪಮೈನ್ ತರುವ ನರಗಳು ಹಾಳಾಗುತ್ತವೆ. ಆಮೇಲೆ ಗ್ರಂಥಿಗೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಅದು ಊದಿಕೊಂಡು ಎಸಿಟಿಎಚ್ ಮತ್ತಿತರ ಹಾರ್ಮೋನುಗಳನ್ನು ಬೇಕಾಬಿಟ್ಟಿ ರಕ್ತಕ್ಕೆ ಬಿಡುತ್ತದೆ.

ಮದುವೆ ಸೀಜನ್ನಿನಲ್ಲಿ ನೋಡಿದ ಒಂದು ಬಿಳಿ ಹೆಣ್ಣುಕುದುರೆ ಇದಕ್ಕೆ ಒಳ್ಳೆಯ ಉದಾಹರಣೆ. ಜರಿಯ ಜೂಲು ಹೊದಿಸಿದಾಗ ಏನೂ ಗೊತ್ತಾಗುತ್ತಿರಲಿಲ್ಲ. ತೆಗೆಸಿದ ಮೇಲೆ ನೋಡಿದರೆ ಬೆನ್ನೆಲುಬಿನ ಎರಡೂ ಬದಿ ಮಾಂಸ ಇಳಿದುಹೋಗಿದೆ, ಹೊಟ್ಟೆ ಮಾತ್ರ ಜೋತುಬಿದ್ದಿದೆ. ಮಾಲೀಕರು ಆ ಹೊಟ್ಟೆ ತೋರಿಸಿ, ಚೆನ್ನಾಗಿ ಮೇಯಿಸ್ತೀನಿ ನೋಡ್ರಿ ಅಂದರು. ಕಣ್ಣಿನ ಮೇಲಿನ ಗುಳಿ ಈ ವಯಸ್ಸಿಗೆ ತಗ್ಗಾಗಿರಬೇಕು, ಇದರಲ್ಲಿ ಉಬ್ಬಿತ್ತು. ಕಟ್ಟುವ ಜಾಗ ಪೂರ್ತಿ ಒದ್ದೆ, ಯಾಕೆಂದರೆ ಬಕೆಟ್ ಮೇಲೆ ಬಕೆಟ್ ನೀರು ಕುಡಿಯುತ್ತಿತ್ತು. ಇಷ್ಟೆಲ್ಲಕ್ಕಿಂತ ನನಗೆ ಹೆದರಿಕೆ ತಂದಿದ್ದು ಅದು ನಿಂತ ರೀತಿ. ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿತ್ತು. ಗೊರಸು ಮುಟ್ಟಿದರೆ ಬಿಸಿ. ಗೊರಸಿನ ಮೇಲೆ, ಕಾಲಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿ ಜೋರಾಗಿ ಬಡಿಯುತ್ತಿತ್ತು.

ಅದು ಲ್ಯಾಮಿನೈಟಿಸ್. ಗೊರಸಿನ ಒಳಗಿನ ಎಲುಬು ಗೊರಸಿನ ಗೋಡೆಗೆ ತೆಳು ಪದರಗಳಿಂದ ಅಂಟಿಕೊಂಡಿರುತ್ತದೆ. ಕುದುರೆಯ ಪೂರ್ತಿ ಭಾರ ಆ ಅಂಟಿನ ಮೇಲೇ ನಿಂತಿದೆ. ರಕ್ತದಲ್ಲಿ ಇನ್ಸುಲಿನ್ ವಿಪರೀತ ಏರಿದರೆ ಈ ಪದರಗಳು ಹಿಗ್ಗಿ, ಎಲುಬು ಕೆಳಗೆ ವಾಲುತ್ತದೆ. ಪಿಪಿಐಡಿ ಇರುವ ಎಲ್ಲ ಕುದುರೆಗಳಲ್ಲೂ ಇನ್ಸುಲಿನ್ ಏರುವುದಿಲ್ಲ, ಏರಿದವುಗಳಿಗೆ ಅಪಾಯ ಜಾಸ್ತಿ. ಪಿಪಿಐಡಿ ಇಲ್ಲದೆಯೂ, ಕತ್ತಿನ ಮೇಲೆ ಗಟ್ಟಿ ಕೊಬ್ಬು ಕಟ್ಟಿದ ದಪ್ಪ ತಟ್ಟುಗಳಲ್ಲಿ ಇದೇ ಗತಿ ನೋಡಬಹುದು.

ಹೀಗಿರುವ ಕುದುರೆಗೆ ಮದುವೆ ಮನೆಯವರು ಪ್ರೀತಿಯಿಂದ ಬೆಲ್ಲ ತಿನ್ನಿಸುತ್ತಾರೆ. ಊರ ಸುತ್ತ ಕಬ್ಬು ಇರುವುದರಿಂದ ಹಸಿ ಕಬ್ಬಿನ ತುಂಡೂ ಬೀಳುತ್ತದೆ. ದಯವಿಟ್ಟು ಎರಡೂ ಬೇಡ. ಜೋಳ, ಗೋಧಿ ನುಚ್ಚೂ ಬೇಡ. ಒಣ ಹುಲ್ಲನ್ನು ಅರ್ಧದಿಂದ ಒಂದು ಗಂಟೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಡಿ. ಸಕ್ಕರೆಯಂಶ ಅಷ್ಟಾದರೂ ಕಡಿಮೆಯಾಗುತ್ತದೆ. ಕುಂಟುವ ಕುದುರೆಗೆ ಸುಮ್ನೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸಿ ಮೆರವಣಿಗೆಗೆ ಕಳಿಸುವ ಅಭ್ಯಾಸ ಇದೆಯಲ್ಲ, ಅದಂತೂ ನನಗೆ ಕೋಪ ತರಿಸುತ್ತದೆ. ಸ್ಟಿರಾಯ್ಡ್‌ನಿಂದ ಇನ್ಸುಲಿನ್ ಇನ್ನೂ ಏರುತ್ತದೆ. ಲ್ಯಾಮಿನೈಟಿಸ್ ಇದ್ದರೆ ಕೆಲಸ ನಿಲ್ಲಿಸಿ, ಕಾಲಡಿಗೆ ದಪ್ಪ ಮರಳು ಹಾಕಿ, ಸಾಧ್ಯವಾದರೆ ಗೊರಸಿನ ಎಕ್ಸ್‌ರೇ ತೆಗೆಸಿ. ಲಾಳ ಕಟ್ಟುವವರು ಮತ್ತು ಡಾಕ್ಟರು ಒಟ್ಟಿಗೆ ಕೂತು ಅದನ್ನು ನೋಡಬೇಕು.

ಪರೀಕ್ಷೆ ಅಂದರೆ ರಕ್ತದಲ್ಲಿ ಎಸಿಟಿಎಚ್ ನೋಡುವುದು, ಜೊತೆಗೆ ಇನ್ಸುಲಿನ್. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು ತಕ್ಷಣ ಐಸ್ ಪೆಟ್ಟಿಗೆಗೆ ಹಾಕಬೇಕು. ನಮ್ಮ ಸೆಕೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಹೋದ ಟ್ಯೂಬಿನ ರಿಪೋರ್ಟನ್ನು ನಾನು ನಂಬುವುದಿಲ್ಲ. ಇನ್ನೊಂದು ವಿಷಯ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಆರೋಗ್ಯವಾಗಿರುವ ಕುದುರೆಯಲ್ಲೂ ಈ ಹಾರ್ಮೋನು ಏರುತ್ತದೆ. ತಿಂಗಳು ನೋಡದೆ ಅಂಕಿ ಓದಬಾರದು.

ಔಷಧ ಪರ್ಗೊಲೈಡ್. ಡೋಪಮೈನ್ ಮಾಡುತ್ತಿದ್ದ ಕೆಲಸವನ್ನು ಅದು ಮಾಡುತ್ತದೆ. ಮೊದಲು ಇದನ್ನು ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಕೊಡುತ್ತಿದ್ದರು. ಕೆಜಿಗೆ 2 ಮೈಕ್ರೊಗ್ರಾಂ ಲೆಕ್ಕದಲ್ಲಿ ಶುರು ಮಾಡುತ್ತೇವೆ, ಅಂದರೆ 300 ಕೆಜಿ ಕುದುರೆಗೆ ದಿನಕ್ಕೆ 0.6 ಮಿಲಿಗ್ರಾಂ. ಮೊದಲ ವಾರ ಮೇವು ಬಿಟ್ಟರೆ ಡಾಕ್ಟರಿಗೆ ಹೇಳಿ, ಡೋಸ್ ಇಳಿಸುತ್ತಾರೆ. ಕಾಯಿಲೆ ವಾಸಿಯಾಗುವುದಿಲ್ಲ, ಗುಳಿಗೆ ಇರುವಷ್ಟು ದಿನ ಹತೋಟಿ. ಖರ್ಚು ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಗುಳಿಗೆ ಹೊಂದಿಸಲಾಗದವರು ಬೇಸಿಗೆಗೆ ಮೊದಲು ಕೂದಲನ್ನಾದರೂ ಮಷೀನಿನಿಂದ ಕತ್ತರಿಸಿ. ಅರ್ಧ ನರಳಾಟ ಅಲ್ಲೇ ಕಮ್ಮಿಯಾಗುತ್ತದೆ.

ಬಡಕಲಾದ ಮುದಿ ಕುದುರೆಗಳೆಲ್ಲ ಪಿಪಿಐಡಿ ಅಲ್ಲ. ಬಿಟ್ಟು ಬಿಟ್ಟು ಜ್ವರ, ಹೊಟ್ಟೆಯಡಿ ಬಾವು ಇದ್ದರೆ ಸರ್ರಾ ಇರಬಹುದು. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ರೋಗ ಅದು. ಕುರಿ ಹಿಂಡಿನ ಜೊತೆ ಊರೂರು ತಿರುಗುವ ತಟ್ಟುಗಳಲ್ಲಿ ಇದನ್ನು ಮರೆಯಲೇಬಾರದು.

ಇನ್ನು ಹಲ್ಲು. ಕುದುರೆಯ ಹಲ್ಲು ವರ್ಷಕ್ಕೆ 2–3 ಮಿಲಿಮೀಟರ್ ಸವೆಯುತ್ತದೆ, ಒಳಗಿಂದ ಅಷ್ಟೇ ಹೊರಬರುತ್ತದೆ. ಕೊನೆಗೊಂದು ದಿನ ಹೊರಬರಲು ಏನೂ ಉಳಿದಿರುವುದಿಲ್ಲ. ಸವೆತ ಒಂದೇ ಸಮ ಆಗದಿದ್ದರೆ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ. ಅಗಿದ ಹುಲ್ಲು ಉಂಡೆಯಾಗಿ ಕೆಳಗೆ ಬಿದ್ದಿದ್ದರೆ ಟಾನಿಕ್ ತರುವ ಮೊದಲು ಬಾಯಿ ತೆರೆಸಿ, ಅರದಿಂದ ಹಲ್ಲು ಉಜ್ಜಿಸಿ. ದವಡೆ ಹಲ್ಲು ಹೋಗಿದ್ದರೆ ಒಣ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಮೆತ್ತಗಾಗುವಂತೆ ನೆನೆಸಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಹಾಕಿ. ಒಂದೇ ಸಲ ಸುರಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.