ಐಪಿ44: ಮಳೆ, ಮೋಟರ್‌ಹೋಮ್, ಮತ್ತು ‘ವಾಟರ್‌ಪ್ರೂಫ್’ ಅನ್ನುವ ಸುಳ್ಳು

ಬ್ರಿಟನ್ನಿನಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಬೇಸಿಗೆ ರಜೆ ಹತ್ತಿರ ಬಂತೆಂದರೆ ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ಗಾಡಿಯ, ಅಂದರೆ ಮೋಟರ್‌ಹೋಮಿನ, ಮಾತು ಶುರುವಾಗುತ್ತದೆ. ಸ್ಕಾಟ್ಲೆಂಡಾ, ಲೇಕ್ ಡಿಸ್ಟ್ರಿಕ್ಟಾ, ಕುಕ್ಕರ್ ಒಯ್ಯಬಹುದಾ, ಮಿಕ್ಸಿ ಓಡುತ್ತದಾ. ಅಷ್ಟರಲ್ಲಿ ಯಾರೋ ಒಬ್ಬರು ಬುದ್ಧಿವಂತರು ಕೇಳುತ್ತಾರೆ: ರಾತ್ರಿಯೆಲ್ಲ ಮಳೆ ಬಂದರೆ, ಕ್ಯಾಂಪ್‌ಸೈಟಿನ ಕಂಬದಿಂದ ಗಾಡಿಗೆ ಕರೆಂಟ್ ತರುವ, ಹುಲ್ಲಿನ ಮೇಲೆ ಬಿದ್ದಿರುವ ಆ ಹುಕ್‌ಅಪ್ ಕೇಬಲ್ ಗತಿ ಏನು? ತಕ್ಷಣ ಉತ್ತರ: ‘ಐಪಿ44 ಕಣ್ರೀ, ವಾಟರ್‌ಪ್ರೂಫ್, ಏನೂ ಆಗಲ್ಲ.’ ಅದರ ಕೆಳಗೆ ಹೆಬ್ಬೆರಳಿನ ಸಾಲು. ಆನ್‌ಲೈನಿನಲ್ಲಿ ಕೇಬಲ್ ಮಾರುವ ಕೆಲವರೂ ಇದನ್ನೇ ಬರೆಯುತ್ತಾರೆ. ಓದಿ ಓದಿ ಸಾಕಾಗಿದೆ. ಐಪಿ44 ವಾಟರ್‌ಪ್ರೂಫ್ ಅಲ್ಲ.

ಒಂದು ವಿದ್ಯುತ್ ಸಾಮಾನಿಗೆ ಧೂಳು, ನೀರಿನಿಂದ ಎಷ್ಟು ರಕ್ಷಣೆ ಇದೆ ಅಂತ ಹೇಳುವುದು ಐಪಿ ಅಂಕಿ. ಐಪಿ ಅಂದರೆ ‘ಇಂಗ್ರೆಸ್ ಪ್ರೊಟೆಕ್ಷನ್’, ಒಳನುಗ್ಗುವುದರಿಂದ ರಕ್ಷಣೆ, ಅಂತ ಎಲ್ಲರೂ ಹೇಳುತ್ತಾರೆ. ಆದರೆ ಈ ಅಂಕಿಗಳನ್ನು ಹುಟ್ಟಿಸಿದ ಐಇಸಿ 60529 ಅನ್ನುವ ಮಾನದಂಡದಲ್ಲಿ ಅದರ ವಿವರಣೆ ‘ಇಂಟರ್‌ನ್ಯಾಷನಲ್ ಪ್ರೊಟೆಕ್ಷನ್’ ಅಂತಲೇ ಇದೆ. 1976ರಲ್ಲಿ ಮೊದಲು ಬಂದ ಮಾನದಂಡ ಇದು. ಜನ ಅರ್ಥಕ್ಕೆ ಹೊಂದುವ ಹಾಗೆ ಒಂದು ಹೆಸರು ಕಟ್ಟಿಕೊಂಡರು, ಅದೇ ನಿಂತಿತು. ಅದರಿಂದ ಅಪಾಯವೇನೂ ಇಲ್ಲ, ಬಿಡಿ. ಅಪಾಯ ಇರುವುದು ‘ನಲವತ್ತನಾಲ್ಕು’ ಅಂತ ಓದುವುದರಲ್ಲಿ. ಅದು ನಲವತ್ತನಾಲ್ಕಲ್ಲ. ನಾಲ್ಕು, ಆಮೇಲೆ ಇನ್ನೊಂದು ನಾಲ್ಕು. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲ ಅಂಕಿ ಗಟ್ಟಿ ವಸ್ತುಗಳದ್ದು. 4 ಅಂದರೆ 1 ಮಿಲಿಮೀಟರ್ ದಪ್ಪದ ತಂತಿ ಕೂಡ ಒಳಗೆ ಹೋಗುವುದಿಲ್ಲ. 6 ಅಂದರೆ ಧೂಳೂ ಹೋಗುವುದಿಲ್ಲ. ಮಳೆಯ ಮಾತಿಗೆ ಇದು ಬೇಡ.

ಎರಡನೆಯದೇ ನೀರಿನದ್ದು. 1 ಅಂದರೆ ನೇರವಾಗಿ ಮೇಲಿಂದ ತೊಟ್ಟಿಕ್ಕುವ ಹನಿ. 2 ಅಂದರೆ ವಸ್ತುವನ್ನು 15 ಡಿಗ್ರಿ ವಾಲಿಸಿದಾಗಲೂ ಅದೇ ಹನಿ. 3 ಅಂದರೆ 60 ಡಿಗ್ರಿವರೆಗೆ ಓರೆಯಾಗಿ ಬೀಳುವ ಸಿಂಪರಣೆ. 4 ಅಂದರೆ ಯಾವ ದಿಕ್ಕಿನಿಂದ ಬೇಕಾದರೂ ಎರಚುವ ನೀರು. 5ಕ್ಕೆ ಬಂದರೆ ಪೈಪಿನ ನೀರು: 6.3 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್. 6ಕ್ಕೆ 12.5 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 100 ಲೀಟರ್. 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸುವುದು. 8 ಅಂದರೆ ಅದಕ್ಕಿಂತ ಕಠಿಣವಾದ ಮುಳುಗು, ಎಷ್ಟು ಆಳ ಎಷ್ಟು ಹೊತ್ತು ಅಂತ ತಯಾರಕರೇ ಹೇಳಬೇಕು. ಈ ಇಡೀ ಪಟ್ಟಿಯಲ್ಲಿ ‘ವಾಟರ್‌ಪ್ರೂಫ್’ ಅನ್ನುವ ದರ್ಜೆ ಎಲ್ಲೂ ಇಲ್ಲ. ಇನ್ನೊಂದು ತಮಾಷೆ: 6ರವರೆಗೆ ಮಾತ್ರ ಇದು ಏಣಿ. 7 ಪಾಸಾದದ್ದು 5 ಪಾಸಾಗಲೇಬೇಕು ಅಂತೇನಿಲ್ಲ. ಮುಳುಗಿದರೆ ಸುಮ್ಮನಿದ್ದದ್ದು ಪೈಪಿನ ಹೊಡೆತಕ್ಕೆ ಬಾಯಿ ಬಿಡಬಹುದು, ಯಾಕೆಂದರೆ ಅವು ಬೇರೆಬೇರೆ ಪರೀಕ್ಷೆಗಳು.

ಹೌದು, ಪರೀಕ್ಷೆ. ನನ್ನ ಮಟ್ಟಿಗೆ ಗೊಂದಲದ ಬೇರು ಇಲ್ಲೇ ಇದೆ. ಐಪಿ ಅಂಕಿ ಅಂದರೆ ಪ್ರಯೋಗಾಲಯದಲ್ಲಿ ಹೊಸ ವಸ್ತುವಿಗೆ, ಶುದ್ಧ ನೀರಿನಲ್ಲಿ, ಇಷ್ಟು ನಿಮಿಷ ಮಾಡಿದ ಒಂದು ಪರೀಕ್ಷೆಯ ಫಲಿತಾಂಶ. ನಾಲ್ಕರ ಪರೀಕ್ಷೆಯಲ್ಲಿ ತೂಗಾಡುವ ಕೊಳವೆಯಿಂದ ನೀರು ಎರಚುವುದು 10 ನಿಮಿಷ. ಲೇಕ್ ಡಿಸ್ಟ್ರಿಕ್ಟಿನ ಮಳೆ ಆಗುಂಬೆಯ ಹಾಗೆ ಬಡಿಯುವುದಿಲ್ಲ ನಿಜ, ಆದರೆ ಹತ್ತು ನಿಮಿಷಕ್ಕೆ ನಿಲ್ಲುವುದೂ ಇಲ್ಲ. ಜೊತೆಗೆ ಪರೀಕ್ಷೆಯ ಮಾತಿನಲ್ಲಿ ‘ನೀರು ಒಳಗೆ ಹೋಗಬಾರದು’ ಅಂತ ಇಲ್ಲ. ‘ಹಾನಿ ಆಗಬಾರದು’ ಅಂತ ಇದೆ, ಅಷ್ಟೇ. ಇದು ಅಷ್ಟೇನೂ ವಿಚಿತ್ರವಲ್ಲ. ನಮ್ಮ ಕಡೆ ಬೋರ್‌ವೆಲ್ಲಿಗೆ ಇಳಿಸುವ ಎಷ್ಟೋ ಮೋಟರುಗಳಿಗೆ ಮೊದಲು ನಾವೇ ನೀರು ತುಂಬಿಸುತ್ತೇವಲ್ವಾ? ಒಳಗಿನ ವೈರಿಗೇ ನೀರು ತಾಗದ ಹೊದಿಕೆ ಇರುತ್ತದೆ, ಹಾಗಾಗಿ ಹಾನಿ ಇಲ್ಲ. ಹುಕ್‌ಅಪ್ ಪ್ಲಗ್ಗಿನೊಳಗೆ ಹಾಗಿಲ್ಲ. ಅಲ್ಲಿ ಬರಿಯ ಲೋಹದ ಪಿನ್ನುಗಳು, ನಡುವೆ ಸ್ವಲ್ಪ ಜಾಗ.

ಇನ್ನು ಹುಕ್‌ಅಪ್ ಕೇಬಲ್ಲಿನ ತುದಿಯ ಆ ನೀಲಿ ಪ್ಲಗ್. ಮೂರು ಪಿನ್, 16 ಆಂಪ್. ಊರಿನಲ್ಲಿ ಜನರೇಟರ್ ಗಾಡಿಗಳ ಹತ್ತಿರ ನೋಡಿರುತ್ತೀರಿ, ಇಂಡಸ್ಟ್ರಿಯಲ್ ಪ್ಲಗ್ ಅನ್ನುತ್ತಾರೆ. ನೀಲಿ ಬಣ್ಣ ಅಂದರೆ 200ರಿಂದ 250 ವೋಲ್ಟ್, ಕೆಂಪು ಅಂದರೆ 400ರ ಆಸುಪಾಸು, ಹಳದಿ ಅಂದರೆ 110. ಇದರ ಐಪಿ44 ಅನ್ನುವುದು ಯಾವಾಗ ಲೆಕ್ಕಕ್ಕೆ ಬರುತ್ತದೆ ಗೊತ್ತಾ? ಪ್ಲಗ್ ಸಾಕೆಟ್ಟಿನೊಳಗೆ ಪೂರ್ತಿ ಕೂತು ಲಾಕ್ ಆಗಿದ್ದಾಗ, ಇಲ್ಲವೇ ಸಾಕೆಟ್ಟಿನ ಮುಚ್ಚಳ ಸರಿಯಾಗಿ ಮುಚ್ಚಿದ್ದಾಗ. ಬಿಚ್ಚಿ ಕೈಯಲ್ಲಿ ಹಿಡಿದ ಪ್ಲಗ್ಗಿಗೆ ಯಾವ ಅಂಕಿಯೂ ಇಲ್ಲ. ಅರ್ಧ ಕೂತ ಪ್ಲಗ್ಗಿಗೂ ಇಲ್ಲ.

ಜೋಡಿಸುವ ಕ್ರಮದ ಬಗ್ಗೆ ಕ್ಯಾಂಪ್‌ಸೈಟಿನವರು ಯಾಕೆ ಅಷ್ಟು ಹೇಳುತ್ತಾರೆ ಅಂದರೆ ಇದಕ್ಕೇ. ಮೊದಲು ಗಾಡಿಯ ತುದಿ, ಆಮೇಲೆ ಕಂಬದ ತುದಿ. ಬಿಚ್ಚುವಾಗ ಮೊದಲು ಕಂಬ, ಆಮೇಲೆ ಗಾಡಿ. ಕಂಬದಲ್ಲಿ ಸ್ವಿಚ್ ಇದ್ದರೆ ಎರಡೂ ಸಲ ಆಫ್. ಉಲ್ಟಾ ಮಾಡಿದರೆ, ಅಂದರೆ ಮೊದಲು ಕಂಬಕ್ಕೆ ಚುಚ್ಚಿ ಆಮೇಲೆ ಕೇಬಲ್ ಎಳೆದುಕೊಂಡು ಗಾಡಿಯ ಹತ್ತಿರ ಬಂದರೆ, ಒದ್ದೆ ಹುಲ್ಲಿನ ಮೇಲೆ ನಿಂತ ನಿಮ್ಮ ಒದ್ದೆ ಕೈಯಲ್ಲಿ 230 ವೋಲ್ಟ್ ಇರುವ ಒಂದು ತೆರೆದ ಬಾಯಿ ಇರುತ್ತದೆ. ಬೆರಳು ಹೋಗದ ಹಾಗೆ ಸಂಪರ್ಕಗಳನ್ನು ಒಳಗೆ ಕೂರಿಸಿರುತ್ತಾರೆ, ಸರಿ. ಬೆರಳು ಹೋಗದಿದ್ದರೇನು, ನೀರು ಹೋಗುತ್ತದೆ.

ಕೇಬಲ್ ಸಾಲಲಿಲ್ಲ ಅಂತ ಎರಡನ್ನು ಜೋಡಿಸಿ ಆ ಗಂಟನ್ನು ಹುಲ್ಲಿನ ಮೇಲೆ ಬಿಡುವವರಿದ್ದಾರೆ. ಅದು ಎರಚುವ ನೀರಲ್ಲ, ನಿಂತ ನೀರು. ನಾಲ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ರಿಟನ್ನಿನ ನಿಯಮದ ಪ್ರಕಾರ ಹುಕ್‌ಅಪ್ ಕೇಬಲ್ 25 ಮೀಟರ್ ಉದ್ದದ್ದು, 2.5 ಚದರ ಮಿಲಿಮೀಟರಿನದು, ಒಂದೇ ತುಂಡು. ಕಂಬದ ಸಾಕೆಟ್ ನೆಲದಿಂದ ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು ಅಂತಲೂ ಇದೆ. ಸುಮ್ನೆ ಬರೆದದ್ದಲ್ಲ. ಇನ್ನೊಂದು ಕೆಲಸ ನೀವೇ ಮಾಡಬಹುದು: ಪ್ಲಗ್ಗಿಗಿಂತ ಕೆಳಕ್ಕೆ ಕೇಬಲ್ ಒಂದು ಸುತ್ತು ಜೋತು ಬೀಳಲಿ. ಕೇಬಲ್ ಗುಂಟ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನವರೆಗೆ ಬರುವುದಿಲ್ಲ.

ಈಗ ಪ್ಲಾಸ್ಟಿಕ್ ಕವರ್. ನಮ್ಮವರಿಗೆ ಯಾವುದಕ್ಕಾದರೂ ಕವರ್ ಕಟ್ಟದಿದ್ದರೆ ನಿದ್ದೆ ಬರುವುದಿಲ್ಲ. ತರಕಾರಿ ತಂದ ಕವರನ್ನು ಪ್ಲಗ್ಗಿಗೆ ಸುತ್ತಿ, ಟೇಪ್ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು ಮಲಗುತ್ತಾರೆ. ರಾತ್ರಿ ತಣ್ಣಗಾದಾಗ ಕವರಿನ ಒಳಗೆ ತೇವ ಹನಿಗಟ್ಟುತ್ತದೆ, ಮೇಲಿಂದ ಇಳಿದ ನೀರು ಕೆಳಗೆ ನಿಲ್ಲುತ್ತದೆ, ಎರಡಕ್ಕೂ ಹೊರಗೆ ಹೋಗಲು ದಾರಿ ಇಲ್ಲ. ಎರಚುವ ನೀರನ್ನು ತಡೆಯುವ ವಸ್ತುವನ್ನು ನೀವೇ ನೀರಿನ ಚೀಲದಲ್ಲಿ ಇಟ್ಟ ಹಾಗಾಯಿತು. ದಯವಿಟ್ಟು ಬಿಚ್ಚಿ.

‘ಟ್ರಿಪ್ ಆಗುತ್ತದಲ್ಲ, ಮತ್ತೇನು ಭಯ’ ಅನ್ನುವವರಿಗೆ ಒಂದು ಪ್ರಶ್ನೆ: ಯಾವುದು ಟ್ರಿಪ್ ಆಗುತ್ತದೆ? ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಕಾಯುವುದು ವೈರನ್ನು, ನಿಮ್ಮನ್ನಲ್ಲ. ಕಂಬದ 16 ಆಂಪ್ ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವಷ್ಟು ಕರೆಂಟ್ ಕಣ್ಣಿಗೇ ಬೀಳುವುದಿಲ್ಲ. ನಿಮ್ಮನ್ನು ಕಾಯುವುದು ಆರ್‌ಸಿಡಿ, ಊರಿನಲ್ಲಿ ಆರ್‌ಸಿಸಿಬಿ ಅನ್ನುತ್ತಾರೆ, ಹಳಬರು ಇಎಲ್‌ಸಿಬಿ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತಾ ಅಂತ ಅದು ನೋಡುತ್ತದೆ. 30 ಮಿಲಿಆಂಪ್ ಬೇರೆ ದಾರಿಯಲ್ಲಿ ಸೋರಿದರೆ ಕಡಿದುಬಿಡುತ್ತದೆ. 16 ಆಂಪ್ ಅಂದರೆ ಅದರ ಐನೂರು ಪಟ್ಟಿಗಿಂತ ಜಾಸ್ತಿ. ಮಳೆ ರಾತ್ರಿ ಆರ್‌ಸಿಡಿ ಬಿದ್ದರೆ ಅದು ಕೆಟ್ಟಿದೆ ಅಂತಲ್ಲ, ಎಲ್ಲೋ ನೀರು ಸೇರಿದೆ ಅಂತ. ಅದನ್ನು ಮತ್ತೆ ಮತ್ತೆ ಎತ್ತಿ ನಿಲ್ಲಿಸುವ ಬದಲು ಕೇಬಲ್ಲನ್ನು ಕಂಬದಿಂದ ಬಿಚ್ಚಿ ಎರಡೂ ತುದಿ ಒರೆಸಿ ಒಣಗಿಸಿ. ಗಾಡಿಯೊಳಗಿನ ಆರ್‌ಸಿಡಿಯ ಟೆಸ್ಟ್ ಗುಂಡಿಯನ್ನು ಜೋಡಿಸಿದಾಗಲೆಲ್ಲ ಒತ್ತಿ ನೋಡಿ, ಒಂದು ಸೆಕೆಂಡಿನ ಕೆಲಸ.

ಮನೆ ಮುಂದೆ ಗಾಡಿ ನಿಲ್ಲಿಸಿ ಕಿಟಕಿಯಿಂದ ಎಕ್ಸ್‌ಟೆನ್ಷನ್ ಎಳೆದು ನೀಲಿ ಅಡಾಪ್ಟರ್ ಹಾಕುವವರ ಕತೆ ಇನ್ನೂ ಬೇರೆ. ಮನೆಯೊಳಗಿನ 13 ಆಂಪ್ ಪ್ಲಗ್ಗಿಗೆ ಐಪಿ44ರ ಹಂಗೇ ಇಲ್ಲ. ಅದಕ್ಕಿಂತ ಮುಖ್ಯ ಅರ್ತ್. ಬ್ರಿಟನ್ನಿನ ಬಹಳ ಮನೆಗಳಲ್ಲಿ ಅರ್ತ್ ಮತ್ತು ನ್ಯೂಟ್ರಲ್ ಬೀದಿಯ ಕೇಬಲ್ಲಿನಲ್ಲಿ ಒಂದೇ. ಬೀದಿಯಲ್ಲಿ ಆ ನ್ಯೂಟ್ರಲ್ ತುಂಡಾದರೆ ಗಾಡಿಯ ಲೋಹದ ಮೈಗೇ ಕರೆಂಟ್ ಬರಬಹುದು, ಆಗ ಆರ್‌ಸಿಡಿಯೂ ಕೈಕೊಡಬಹುದು, ಕಾಲು ಒದ್ದೆ ನೆಲದ ಮೇಲೆ. 2002ರ ವಿದ್ಯುತ್ ಸುರಕ್ಷತಾ ನಿಯಮಗಳು ಅಂಥ ಅರ್ತನ್ನು ಕಾರವಾನಿನ, ಅಂದರೆ ಇಂಥ ಮನೆ-ಗಾಡಿಯ, ಲೋಹಕ್ಕೆ ಜೋಡಿಸಬಾರದು ಅನ್ನುವುದು ಈ ಕಾರಣಕ್ಕೆ. ಮನೆಯಲ್ಲಿ ಬೇಕೇಬೇಕು ಅಂದರೆ ಎಲೆಕ್ಟ್ರಿಷಿಯನ್ ಕರೆಸಿ, ಬೇರೆ ಅರ್ತ್ ಕಡ್ಡಿ ಹೊಡೆಸಿ, ಹೊರಗೆ ಸರಿಯಾದ ಸಾಕೆಟ್ ಹಾಕಿಸಿ.

ಇಷ್ಟು ಓದಿದ ಮೇಲೆ ಕೆಲವರು ಐಪಿ67 ಪ್ಲಗ್ ಹುಡುಕಲು ಹೊರಡುತ್ತಾರೆ, ಗೊತ್ತು. ಸಿಗುತ್ತದೆ, ತಿರುಗಿಸಿ ಬಿಗಿ ಮಾಡುವ ಬಳೆ ಇರುವಂಥದ್ದು. ಆದರೆ ಕ್ಯಾಂಪ್‌ಸೈಟಿನ ಕಂಬದಲ್ಲಿ ಸಾಮಾನ್ಯವಾಗಿ ಇರುವುದು ಐಪಿ44 ಸಾಕೆಟ್. ಎರಡೂ ಸೇರಿದಾಗ ಕಡಿಮೆ ಇರುವುದೇ ಲೆಕ್ಕ. ದುಡ್ಡು ಜಾಸ್ತಿ ಕೊಟ್ಟಿರಿ, ಅಷ್ಟೇ.